ಮೈನಸ್ 28ರಲ್ಲಿ ಕರಿಬೇವು

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜನವರಿ ಬಂತೆಂದರೆ ಮನೆ ಮನೆಗೂ ಬೀಜದ ಕ್ಯಾಟಲಾಗುಗಳು ಬಂದು ಬೀಳುತ್ತವೆ. ಹೊರಗೆ ಮೊಣಕಾಲುದ್ದ ಹಿಮ, ಪುಟದ ತುಂಬಾ ಹಸಿರು. ಯಾವ ತಿಂಗಳಲ್ಲಿ ಕಳಿಸಿದರೆ ಜನರ ಬುದ್ಧಿ ಕೆಟ್ಟಿರುತ್ತದೆ ಅಂತ ಆ ಕಂಪನಿಯವರಿಗೆ ಚೆನ್ನಾಗಿ ಗೊತ್ತು. ಆ ಭಾನುವಾರ ಪದ್ದಕ್ಕನ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಮೂರ್ತಿಯವರು ಕ್ಯಾಟಲಾಗ್ ಮಡಚಿಟ್ಟು ಘೋಷಿಸಿದರು: “ಈ ವರ್ಷ ಕರಿಬೇವನ್ನು ನೆಲಕ್ಕೇ ನೆಡುತ್ತೇನೆ.”

“ನೆಡಿ ಮೂರ್ತಿಯವರೇ. ಹಾಗೇ ತಿಥಿಗೂ ದಿನ ನೋಡಿಬಿಡಿ. ಅಕ್ಟೋಬರಿನಲ್ಲಿ ಬರುತ್ತದೆ,” ಎಂದರು ಪದ್ದಕ್ಕ.

“ಹಾಗಲ್ಲಮ್ಮ. 2023ರಲ್ಲಿ ಇಲ್ಲಿನ ಕೃಷಿ ಇಲಾಖೆ, ಯಾವ ಊರಿನ ಚಳಿಗೆ ಯಾವ ಗಿಡ ಬದುಕುತ್ತದೆ ಅಂತ ನೋಡಲು ಹೊಸ ನಕ್ಷೆ ಬಿಟ್ಟಿತಲ್ಲ? 4ಬಿ ವಲಯದಲ್ಲಿದ್ದ ನಮ್ಮೂರು ಈಗ 5ಎ. ಬಡ್ತಿ ಸಿಕ್ಕಿದೆ!”

ರಾಘು ಕನ್ನಡಕ ಸರಿಮಾಡಿಕೊಂಡ. ಅವನು ಹಾಗೆ ಮಾಡಿದರೆ ಅಂಕಿ ಅಂಶ ಬರುತ್ತದೆ ಅಂತ ಅರ್ಥ. “ಸಾರ್, ಆ ನಕ್ಷೆಯಲ್ಲಿ 13 ವಲಯ ಇವೆ, ಸಂಖ್ಯೆ ಏರಿದಷ್ಟೂ ಚಳಿ ಕಡಿಮೆ. ವರ್ಷದ ಅತಿ ಚಳಿಯ ರಾತ್ರಿ ಎಷ್ಟಿತ್ತು ಅಂತ ನೋಡಿ, 1991ರಿಂದ 2020ರವರೆಗಿನ ಸರಾಸರಿ ತೆಗೆದಿದ್ದಾರೆ. 5ಎ ಅಂದರೆ ಮೈನಸ್ 26ರಿಂದ ಮೈನಸ್ 29 ಸೆಲ್ಸಿಯಸ್. ಅದೂ ಸರಾಸರಿ. ಕೆಲವು ವರ್ಷ ಇನ್ನೂ ಕೆಳಗೆ ಹೋಗುತ್ತದೆ. ಕರಿಬೇವಿಗೆ ಕಡಿಮೆ ಅಂದರೂ 9ನೇ ವಲಯ ಬೇಕು. ನೀವು ಎಲ್‌ಕೆಜಿಯಿಂದ ಯುಕೆಜಿಗೆ ಪಾಸಾಗಿದ್ದೀರಿ, ಅದು ಪಿಯುಸಿ ಕೇಳುತ್ತಿದೆ.”

ಬೆಂಗಳೂರಿನ ದಾಖಲೆ ಚಳಿ ಅಂದರೆ 1884ರ ಜನವರಿಯ 7.8 ಡಿಗ್ರಿ. ಇಲ್ಲಿ ಮಾರ್ಚಿನಲ್ಲಿ ಅಷ್ಟು ಬಿದ್ದರೆ ಜನ ಚಡ್ಡಿ ಹಾಕಿಕೊಂಡು ಐಸ್‌ಕ್ರೀಮ್ ತಿನ್ನಲು ಹೊರಡುತ್ತಾರೆ.

“ಹಾಗಾದರೆ ರೋಸ್‌ಮೆರಿ? ಇಲ್ಲಿ ಬರೆದಿದ್ದಾರೆ ನೋಡಿ, ಆರ್ಪ್ ಅನ್ನೋ ತಳಿ, ಚಳಿಗೆ ಬಗ್ಗುವುದೇ ಇಲ್ಲವಂತೆ.”

“ಆರ್ಪ್ ಅನ್ನೋದು ಟೆಕ್ಸಾಸಿನ ಒಂದು ಊರು ಸಾರ್. ಟೆಕ್ಸಾಸಿನವರು ಚಳಿ ಅಂದರೆ ನಂಬುತ್ತೀರಾ? ಮಿಕ್ಕ ರೋಸ್‌ಮೆರಿಗಿಂತ ಗಟ್ಟಿ, ನಿಜ. ಆದರೂ 6ನೇ ವಲಯದಲ್ಲೇ ತಿಣುಕಾಡುತ್ತದೆ.”

“ಲ್ಯಾವೆಂಡರ್?”

ಇಲ್ಲಿ ಪದ್ದಕ್ಕ ಬಾಯಿ ಹಾಕಿದರು. “ಮನ್‌ಸ್ಟೆಡ್ ತಳಿ ಹಾಕಿ, 5ನೇ ವಲಯದಲ್ಲಿ ಬದುಕುತ್ತದೆ. ಆದರೆ ನಿಮ್ಮ ಹಿತ್ತಲಿನ ಜೇಡಿಮಣ್ಣಿನಲ್ಲಿ ಬೇಡ. ಲ್ಯಾವೆಂಡರ್‌ನ ಸಾಯಿಸುವುದು ಬರೀ ಚಳಿ ಅಲ್ಲ, ಬೇರಿನ ಹತ್ತಿರ ನಿಲ್ಲುವ ನೀರು. ಮಣ್ಣು ಏರಿಸಿ, ಜಲ್ಲಿ ಮರಳು ಬೆರೆಸಿ ನೆಡಬೇಕು.”

ಆಮೇಲೆ ಪದ್ದಕ್ಕನನ್ನು ತಡೆಯುವವರೇ ಇರಲಿಲ್ಲ. ಹಿಮ ಬಿತ್ತು ಅಂತ ಅಳಬೇಡಿ, ಹಿಮವೇ ಗಿಡಕ್ಕೆ ಕಂಬಳಿ. ಹಿಮವಿಲ್ಲದ ಬೋಳು ಚಳಿಯೇ ಕೆಟ್ಟದ್ದು. ಮಣ್ಣು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿದರೆ ಗಿಡವನ್ನು ಬೇರುಸಮೇತ ಮೇಲಕ್ಕೆ ತಳ್ಳಿಬಿಡುತ್ತದೆ. ಅದಕ್ಕೇ ನೆಲ ಹೆಪ್ಪುಗಟ್ಟಿದ ಮೇಲೆ ಒಣಹುಲ್ಲು ಮುಚ್ಚಬೇಕು, ಮೊದಲೇ ಅಲ್ಲ. ಕುಂಡದಲ್ಲಿದ್ದರೆ ಬೇರಿಗೆ ಸುತ್ತಲಿಂದಲೂ ಚಳಿ. ಕುಂಡವನ್ನು ಹೊರಗೇ ಬಿಡುವುದಾದರೆ ನಮ್ಮದಕ್ಕಿಂತ ಎರಡು ವಲಯ ಕೆಳಗೂ ತಡೆಯುವ ಗಿಡ ತರಬೇಕು.

“ಅದೆಲ್ಲ ಸರಿ ಅಕ್ಕಾ, ಇಲ್ಲಿ ಬದುಕುವುದು ಯಾವುದು?” ಎಂದೆ ನಾನು. ಹೊಟ್ಟೆ ಹಸಿದಿತ್ತು.

“ಚೈವ್ಸ್. 3ನೇ ವಲಯಕ್ಕೂ ಜಗ್ಗುವುದಿಲ್ಲ. ಹಿಮ ಕರಗುವ ಮೊದಲೇ ಮೂತಿ ತೋರಿಸುತ್ತದೆ. ಅಕ್ಕಿರೊಟ್ಟಿಗೆ ಈರುಳ್ಳಿ ಸೊಪ್ಪಿನ ಬದಲು ಹಾಕು. ಆಮೇಲೆ ಪುದೀನ. ಅದು ಸಾಯುತ್ತದೆ ಅಂತ ಹೆದರಬೇಡ, ಸಾಯುವುದಿಲ್ಲ ಅಂತ ಹೆದರು. ಬೇಲಿ ದಾಟಿ ಪಕ್ಕದ ಮನೆಗೆ ಹೋದರೆ ಸಂಬಂಧ ಕೆಡುತ್ತದೆ. ಬೆಳ್ಳುಳ್ಳಿಯನ್ನು ಅಕ್ಟೋಬರಿನಲ್ಲೇ ಊರಬೇಕು, ಅದಕ್ಕೆ ಚಳಿ ಬೇಕೇ ಬೇಕು. ಕೊತ್ತಂಬರಿ ಒಂದೇ ವರ್ಷದ್ದು, ಆದರೆ ಇಬ್ಬನಿ ಹೆಪ್ಪುಗಟ್ಟುವಂಥ ಸಣ್ಣಪುಟ್ಟ ಚಳಿಗೆ ಸೊಪ್ಪು ಹಾಕುವುದಿಲ್ಲ. ಜುಲೈ ಬಿಸಿಲಿಗೇ ಅದು ಮುನಿಸಿಕೊಂಡು ಹೂಬಿಟ್ಟು ಕೂರುವುದು.”

“ಸೇಜ್?” ಎಂದ ರಾಘು.

“ಬದುಕುತ್ತದೆ. ಏನು ಮಾಡುತ್ತೀಯ ಅದನ್ನಿಟ್ಟುಕೊಂಡು?”

ಯಾರಿಗೂ ಉತ್ತರ ಹೊಳೆಯಲಿಲ್ಲ. ಸೇಜ್ ಅಲ್ಲಿಗೇ ಮುಗಿಯಿತು.

ಮೂರ್ತಿಯವರ ಮುಖ ಸಪ್ಪಗಾಗಿತ್ತು. “ಇದರಲ್ಲಿ ನಮ್ಮದು ಅನ್ನೋದು ಒಂದೂ ಇಲ್ಲ. ತುಳಸಿ ಇಲ್ಲ, ದೊಡ್ಡಪತ್ರೆ ಇಲ್ಲ.” ಅಷ್ಟರಲ್ಲಿ ಊಟಕ್ಕೆ ಕೂತೆವು. ಅನ್ನಕ್ಕೆ ತಂಬುಳಿ ಬಂತು. ಮೂರ್ತಿಯವರು ಎರಡು ತುತ್ತು ಉಂಡು ತಲೆ ಎತ್ತಿದರು. “ಪದ್ಮಾ, ದೊಡ್ಡಪತ್ರೆ ಎಲ್ಲಿ ಸಿಕ್ಕಿತು?”

“ಫ್ರೀಜರಿನಲ್ಲಿ. ಸೆಪ್ಟೆಂಬರಿನಲ್ಲಿ ಕೊಯ್ದಿಟ್ಟ ಒರೆಗಾನೊ, ಸ್ವಲ್ಪ ಥೈಮ್. ತುಪ್ಪದಲ್ಲಿ ಜೀರಿಗೆ, ಮೆಣಸಿನ ಜೊತೆ ಹುರಿದೆ, ಕಾಯಿ ಹಾಕಿ ರುಬ್ಬಿದೆ, ಮಜ್ಜಿಗೆ ಬೆರೆಸಿದೆ. ಗಿಡ ನಾಲ್ಕು ಚಳಿಗಾಲದಿಂದ ಹಿಮದಡಿಯಲ್ಲೇ ಇದೆ.”

ರಾಘು ಮತ್ತೆ ಕನ್ನಡಕ ಮುಟ್ಟಿದ. “ಒರೆಗಾನೊಗೂ ದೊಡ್ಡಪತ್ರೆಗೂ ಆ ಘಾಟು ಬರುವುದು ಕಾರ್ವಕ್ರಾಲ್‌ನಿಂದ. ಥೈಮ್‌ನಲ್ಲಿರುವ ಥೈಮಾಲ್ ಓಮಿನ ಕಾಳಿನಲ್ಲೂ...”

“ಊಟದ ಹೊತ್ತಿನಲ್ಲಿ ಕೆಮಿಸ್ಟ್ರಿ ಬೇಡ ಕಣೋ,” ಎಂದರು ಪದ್ದಕ್ಕ.

ಮೂರ್ತಿಯವರು ತಂಬುಳಿ ಮತ್ತೆ ಬಡಿಸಿಕೊಂಡರು. ಆದರೂ ಪಟ್ಟು ಬಿಡಲಿಲ್ಲ. “ದೊಡ್ಡಪತ್ರೆಗೆ ಬದಲಿ ಸಿಕ್ಕಿತು, ಒಪ್ಪಿದೆ. ಕರಿಬೇವಿಗೆ?”

“ಅದಕ್ಕೆ ಗಿಡ ಬದಲಿಸಿದರೆ ಸಾಲದು, ಊರು ಬದಲಿಸಬೇಕು. ಫ್ಲೋರಿಡಾಕ್ಕೆ ಹೋಗಿ.”

“ಅಲ್ಲೂ ಕಷ್ಟ ಅಕ್ಕಾ,” ಎಂದ ರಾಘು. “ಕಿತ್ತಳೆ ತೋಟಗಳಿಗೆ ರೋಗ ಹರಡುವ ಸಣ್ಣ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಅದಕ್ಕೇ ಅಲ್ಲಿಂದ ಗಿಡ ಹೊರಗೆ ಸಾಗಿಸಲು ನಿರ್ಬಂಧ ಇದೆ.”

ಮೂರ್ತಿಯವರು ತುತ್ತನ್ನು ಕೈಯಲ್ಲೇ ಹಿಡಿದು ಕೇಳಿದರು: “ಅಂದರೆ ಗಿಡಕ್ಕೂ ವೀಸಾ ತಾಪತ್ರಯಾನಾ?”