ಬಿಆರ್‌ಸಿಎ ಟೆಸ್ಟ್ (ಸ್ತನ, ಓವರಿ ಅಂದರೆ ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಜೀನ್ ದೋಷದ ಪರೀಕ್ಷೆ) ಮಾಡಿಸಿದವರು ನಿಮ್ಮ ಅನುಭವ ಹೇಳಿ

ಉಡುಪಿಯ ಮಗಳು: ಅಮ್ಮನಿಗೆ 46ರಲ್ಲಿ ಸ್ತನ ಕ್ಯಾನ್ಸರ್ ಬಂತು. ಬಿಆರ್‌ಸಿಎ1 ಜೀನ್‌ನಲ್ಲಿ ದೋಷ ಉಂಟು ಎಂದು ರಿಪೋರ್ಟ್ ಹೇಳುತ್ತದೆ. ನನಗೆ 28, ಮದುವೆ ಮಾತುಕತೆ ನಡೆಯುತ್ತಿದೆ. ಈಗಲೇ ಟೆಸ್ಟ್ ಮಾಡಿಸಬೇಕಾ?

ಸುರತ್ಕಲ್ ಅಕ್ಕ: ನನ್ನದೂ ಬಿಆರ್‌ಸಿಎ1. ಹಲವು ಜೀನ್ ಒಟ್ಟಿಗೆ ನೋಡುವ ಇಡೀ ಪ್ಯಾನೆಲ್‌ಗೆ 26,000 ಕೊಟ್ಟೆ. ತಂಗಿಯ ದೋಷ ಯಾವ ಜಾಗದಲ್ಲಿ ಎಂದು ಮೊದಲೇ ಗೊತ್ತಿತ್ತು. ಅದೊಂದನ್ನೇ ನೋಡಿದ್ದರೆ ತುಂಬಾ ಕಡಿಮೆಯಲ್ಲಿ ಮುಗಿಯುತ್ತಿತ್ತು, ಯಾರೂ ಹೇಳಲಿಲ್ಲ. ಮೊದಲ ಸ್ಯಾಂಪಲ್ ಹಾಳಾಯಿತೆಂದು ಮತ್ತೆ ರಕ್ತ ತೆಗೆದರು. ಐದು ವಾರ ನಿದ್ದೆ ಇಲ್ಲ. ಮುಂದೆ ಕ್ಯಾನ್ಸರ್ ಬಾರದಿರಲಿ ಎಂದು 39ರಲ್ಲಿ ಓವರಿ, ಅದರ ಪಕ್ಕದ ಟ್ಯೂಬ್ ಎರಡೂ ತೆಗೆಸಿದೆ. 1,70,000 ಖರ್ಚು. ಕಾಯಿಲೆಯೇ ಇಲ್ಲವಲ್ಲ ಎಂದು ಇನ್ಶೂರೆನ್ಸ್‌ನವರು ಒಂದು ರೂಪಾಯಿ ಕೊಡಲಿಲ್ಲ. ಓವರಿ ಹೋಗಿ ಮುಟ್ಟು ನಿಂತದ್ದರಿಂದ ಏಪ್ರಿಲ್ ಸೆಕೆಗೆ ಮೈಯೊಳಗಿನ ಬಿಸಿಯೂ ಸೇರಿ ರಾತ್ರಿಯಿಡೀ ಒದ್ದಾಟ. ಆದರೂ ನಾನು ಮಾಡಿದ್ದೇ ಸರಿ.

ಕುಂದಾಪುರದವಳು: 'ಕ್ಯಾನ್ಸರ್ ಜೀನ್' ಅಂತ ಯಾರಾದರೂ ಹೇಳಿದರೆ ಸಿಟ್ಟು ಬರುತ್ತದೆ. ಅದು ಕಾಯುವ ಜೀನ್ ಮಾರಾಯ್ರೆ! ಡಿಎನ್‌ಎಯ ಎರಡೂ ಎಳೆ ತುಂಡಾದಾಗ ಸರಿಯಾಗಿ ಜೋಡಿಸುವುದೇ ಅದರ ಕೆಲಸ. ಅಪ್ಪನದೊಂದು ಪ್ರತಿ, ಅಮ್ಮನದೊಂದು. ನನಗೆ ಬಿಆರ್‌ಸಿಎ2ರ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದೆ, ಇನ್ನೊಂದು ದುಡಿಯುತ್ತಿದೆ. ಯಾವುದೋ ಕೋಶದಲ್ಲಿ ಅದೂ ಕೈಕೊಟ್ಟರೆ ರಿಪೇರಿ ನಿಲ್ಲುತ್ತದೆ, ತಪ್ಪುಗಳು ಸೇರುತ್ತಾ ಹೋಗುತ್ತವೆ. ನಾನು ಏನನ್ನೂ ತೆಗೆಸಿಲ್ಲ. ವರ್ಷಕ್ಕೊಂದು ಎಂಆರ್‌ಐ, ಸಲಕ್ಕೆ 9,500. ಬೆಳಿಗ್ಗೆ ಐದೂವರೆ ಬಸ್ಸಿಗೆ ಮಂಗಳೂರು.

ಸುರತ್ಕಲ್ ಅಕ್ಕ: ಆ ಎಂಆರ್‌ಐ ಎದೆಯದ್ದು. ಓವರಿ ಕ್ಯಾನ್ಸರನ್ನು ಬೇಗ ಹಿಡಿಯುವ, ನಂಬುವಂಥ ಟೆಸ್ಟ್ ಇಲ್ಲ. ಬಿಆರ್‌ಸಿಎ1 ಕೆಟ್ಟಿದ್ದರೆ 80 ವರ್ಷದೊಳಗೆ ನೂರರಲ್ಲಿ ಸುಮಾರು 44 ಹೆಂಗಸರಿಗೆ ಅದು ಬರುತ್ತದೆ, 2 ಆದರೆ ಸುಮಾರು 17. ನಿಮ್ಮ ಲೆಕ್ಕವನ್ನು ಈ ಹುಡುಗಿಗೆ ಹಚ್ಚಬೇಡಿ. ಕಾಯುತ್ತಾ ಕೂತೇ ನನ್ನ ತಂಗಿ ಹೋದಳು.

ಕುಂದಾಪುರದವಳು: ತಂಗಿಯ ವಿಷಯ ಕೇಳಿ ಸಂಕಟವಾಯಿತು. ಆದರೆ 28ಕ್ಕೇ ಹೆದರಿಸಬೇಡಿ ಅಕ್ಕ. ಬಿಆರ್‌ಸಿಎ1ಕ್ಕೂ ಮಕ್ಕಳಾದ ಮೇಲೆ, 35–40ರೊಳಗೆ ತೆಗೆಸಿ ಎಂದೇ ಡಾಕ್ಟರು ಹೇಳುವುದು.

ಮೂಲ್ಕಿ ಅಣ್ಣ: ನಮ್ಮದು ಅಳಿಯಕಟ್ಟಿನ ಮನೆ. ಬಳಿ, ಅಂದರೆ ಕುಲದ ಹೆಸರು, ತಾಯಿಯಿಂದ ಬರುವ ಹಾಗೆ ಈ ರೋಗವೂ ತಾಯಿ ಕಡೆಯಿಂದಲೇ ಅಂದುಕೊಂಡಿದ್ದೆವು. ಅಪ್ಪನ ಇಬ್ಬರು ತಂಗಿಯರು ಹೋದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ದೋಷ ಅಪ್ಪನಿಂದ ನನಗೆ, ನನ್ನಿಂದ ಮಗಳಿಗೆ. ಅವಳಿಗೆ 31ಕ್ಕೆ ಗಡ್ಡೆ ಬಂತು. ಗಂಡಸರೂ ಟೆಸ್ಟ್ ಮಾಡಿಸಿ. ಹುಡುಗನ ಮನೆಯವರಿಗೂ ಮೊದಲೇ ಹೇಳಿಬಿಡಿ.

ಸುರತ್ಕಲ್ ಅಕ್ಕ: ಯಾಕೆ ಹೇಳಬೇಕು? ಹುಡುಗನ ಕಡೆಯವರು ಶುಗರ್ ರಿಪೋರ್ಟ್ ಹಿಡಿದುಕೊಂಡು ಬರುತ್ತಾರಾ?

ಮೂಲ್ಕಿ ಅಣ್ಣ: ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ ಅಕ್ಕ. ಅತ್ತೆಯರ ಕಾಯಿಲೆಯನ್ನು ನಮ್ಮ ಮನೆಯಲ್ಲಿ ಮುಚ್ಚಿಟ್ಟರು. ಅದು ಮೊದಲೇ ಗೊತ್ತಿದ್ದರೆ ಮಗಳನ್ನು 25ಕ್ಕೇ ಸ್ಕ್ಯಾನಿಂಗ್‌ಗೆ ಕರೆದುಕೊಂಡು ಹೋಗುತ್ತಿದ್ದೆ.