ನಾಲಿಗೆ ಒಣಗುವವಳು ನಾಯಕತ್ವ ತರಬೇತಿಗೆ ಸೇರಬಹುದೇ?

ಪ್ರಶ್ನೆ: ಪದವಿಯ ಎರಡನೆಯ ವರ್ಷದಲ್ಲಿದ್ದೇನೆ. ನಮ್ಮ ವಿಶ್ವವಿದ್ಯಾಲಯ ಒಂದು ವರ್ಷದ ವಿದ್ಯಾರ್ಥಿ ನಾಯಕತ್ವ ತರಬೇತಿಗೆ ಅರ್ಜಿ ಕರೆದಿದೆ. ವಾರಕ್ಕೊಂದು ತರಗತಿ, ತಂಡವಾಗಿ ಮಾಡುವ ಒಂದು ಕೆಲಸ, ಕೊನೆಗೆ ಪ್ರಮಾಣಪತ್ರ. ಹತ್ತು ಜನರ ಮುಂದೆ ನಿಂತರೆ ನನಗೆ ನಾಲಿಗೆ ಒಣಗುತ್ತದೆ. ಓದಿಗೂ ಪೆಟ್ಟು ಬಿದ್ದೀತೆಂಬ ಭಯ. ಸೇರಿದ್ದವರು ಹೇಳಿ.

ಉತ್ತರ 1: ನಾನು ಮಾತಿನ ಮಲ್ಲಿ, ಹಾಗಾಗಿ ನನ್ನನ್ನೇ ತಂಡದ ಮುಖ್ಯಸ್ಥೆ ಮಾಡಿದರು. ಹಿರಿಯ ವಿದ್ಯಾರ್ಥಿಗಳ ಹಳೆಯ ಪಠ್ಯಪುಸ್ತಕಗಳನ್ನು ಹೊಸಬರಿಗೆ ತಲುಪಿಸುವುದು ನಮ್ಮ ಏಳು ಜನರ ಕೆಲಸ. ಮೂರನೆಯ ವಾರಕ್ಕೇ ಜಗಳ. ಹೊಸ ತಂಡದಲ್ಲಿ ಪರಿಚಯದ ಬೆನ್ನಿಗೇ ತಿಕ್ಕಾಟದ ಹಂತ ಬರುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲೇ ಬರೆದಿದ್ದರು, ತರಗತಿಯಲ್ಲಿ ಅದನ್ನು ಬರೆದುಕೊಂಡೂ ಇದ್ದೆ. ಆದರೂ ಜಗಳವಾದಾಗ ತಪ್ಪೆಲ್ಲ ಉಳಿದ ಆರು ಜನರದ್ದೇ ಅನ್ನಿಸಿತು. ನಡುವೆ ಹೆಸರಿಲ್ಲದ ಚೀಟಿಗಳಲ್ಲಿ ಪರಸ್ಪರ ಅಭಿಪ್ರಾಯ ಬರೆಸಿದರು. ನನ್ನ ಪಾಲಿನ ಒಂದು ಚೀಟಿ: ‘ಕೆಲಸ ಹಂಚುತ್ತಾರೆ, ರಾತ್ರಿ ಅದನ್ನೆಲ್ಲ ತಾವೇ ತಿದ್ದುತ್ತಾರೆ.’ ಎರಡು ದಿನ ಯಾರೊಡನೆಯೂ ಮಾತನಾಡಲಿಲ್ಲ. ಇಡೀ ವರ್ಷದಲ್ಲಿ ನನಗೆ ದಕ್ಕಿದ್ದು ಆ ಚೀಟಿ. ಪ್ರಮಾಣಪತ್ರ ಎಲ್ಲಿದೆಯೋ ಗೊತ್ತಿಲ್ಲ. ಅಂದ ಹಾಗೆ, ತಂಡ ಒಡೆಯದಂತೆ ನೋಡಿಕೊಂಡವನು ಸಭೆಯ ಟಿಪ್ಪಣಿ ಬರೆಯುತ್ತಿದ್ದ, ಬಾಯಿಬಿಡದ ಹುಡುಗ. ಯಾರು ಏನು ಒಪ್ಪಿಕೊಂಡಿದ್ದರು ಎಂಬುದು ಅವನೊಬ್ಬನಿಗೇ ನೆನಪಿರುತ್ತಿತ್ತು.

ಉತ್ತರ 2: ನಮ್ಮಲ್ಲಿ ಅತಿಥಿ ಭಾಷಣ, ಚಪ್ಪಾಳೆ, ಗುಂಪು ಫೋಟೊ. ಮಾರ್ಗದರ್ಶಕರು ಬಂದದ್ದು ಒಂದೇ ಸಲ. ಸೇರುವ ಮೊದಲು ಹಿಂದಿನ ವರ್ಷದವರನ್ನು ಹಿಡಿದು, ‘ನಿಮ್ಮ ಕೈಗೆ ಏನು ಕೊಟ್ಟಿದ್ದರು, ಅದು ಕೆಟ್ಟಾಗ ಯಾರು ಕೂತು ಮಾತನಾಡಿದರು?’ ಎಂದು ಕೇಳಿ. ಉತ್ತರ ತಡವರಿಸಿದರೆ ಬಿಟ್ಟುಬಿಡಿ.

ಉತ್ತರ 3: ಇಂಥ ತರಗತಿಗಳನ್ನು ನಡೆಸಿದವನು ನಾನು. ಅನೇಕ ವಿಶ್ವವಿದ್ಯಾಲಯಗಳು 1990ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಸಾಮಾಜಿಕ ಬದಲಾವಣೆಯ ಮಾದರಿ’ ಎಂಬ ವಿದ್ಯಾರ್ಥಿ ನಾಯಕತ್ವದ ಚೌಕಟ್ಟನ್ನು ಆಧರಿಸುತ್ತವೆ. ತನ್ನನ್ನು ತಾನು ಅರಿಯುವುದು, ನುಡಿದಂತೆ ನಡೆಯುವುದು, ಭಿನ್ನಾಭಿಪ್ರಾಯವನ್ನು ಸಭ್ಯವಾಗಿ ನಿಭಾಯಿಸುವುದು ಅದರ ಮೌಲ್ಯಗಳಲ್ಲಿ ಸೇರಿವೆ. ಭಾಷಣಕಲೆ ಆ ಪಟ್ಟಿಯಲ್ಲಿಲ್ಲ. ಅರ್ಜಿಯಲ್ಲಿ ಹುದ್ದೆ, ಬಹುಮಾನ ಪೋಣಿಸಬೇಡಿ. ನೀವು ಕೈಹಾಕಿ ಕೆಡಿಸಿದ ಒಂದು ಕೆಲಸವನ್ನೂ ಮುಂದೇನು ಮಾಡಿದಿರೆಂಬುದನ್ನೂ ಬರೆಯಿರಿ. ನಾಲಿಗೆ ಒಣಗುವ ವಿಷಯವನ್ನೂ ಬರೆಯಬಹುದು, ಮುಚ್ಚಿಡುವಂಥದ್ದೇನಲ್ಲ.

ಉತ್ತರ 4: ಓದಿನ ಬಗ್ಗೆ ಯಾರೂ ಹೇಳಲಿಲ್ಲ. ತರಗತಿಯಿಂದ ತೊಂದರೆಯಿಲ್ಲ, ತಂಡದ ಕೆಲಸವೇ ಸಂಜೆಗಳನ್ನು ನುಂಗುವುದು. ನಾನು ಪರೀಕ್ಷೆಯ ತಿಂಗಳಲ್ಲಿ ಹೇಳದೆ ಕೇಳದೆ ಮಾಯವಾದೆ, ನನ್ನ ಪಾಲನ್ನು ಇಬ್ಬರು ಹೊತ್ತರು. ಅವರಲ್ಲೊಬ್ಬಳು ಇಂದಿಗೂ ಎದುರಾದರೆ ಬೇರೆ ಕಡೆ ನೋಡುತ್ತಾಳೆ. ಪರೀಕ್ಷೆಯ ದಿನಾಂಕಗಳನ್ನು ಮೊದಲ ಸಭೆಯಲ್ಲೇ ಎಲ್ಲರ ಮುಂದಿಡಿ. ಅರ್ಜಿಗೆ ಕೊನೆಯ ದಿನ ಯಾವಾಗ ಎಂದು ನೀವು ಬರೆದೇ ಇಲ್ಲವಲ್ಲ?