ಸಹಾಯ ಬೇಕು: ಕುರಿ ಹೋದ ಮೇಲೆ ದೊಡ್ಡಿ ಸರಿಮಾಡುವ ಚೀನೀ ಗಾದೆ

ಎಲ್ಲರಿಗೂ ನಮಸ್ಕಾರ. ಚೈನೀಸ್ ಕಲಿಯುತ್ತಿದ್ದೇನೆ. ಇಂಗ್ಲಿಷ್ ಗಾದೆಗಳ ಎದುರಿಗೆ ಚೀನೀ ಗಾದೆ ಬರೆದಿಟ್ಟುಕೊಳ್ಳುತ್ತಿದ್ದೇನೆ. ಕೆಲವು ಸಲೀಸು. ನೆನೆದವರು ಎದುರಿಗೇ ಬಂದರೆ ಇಂಗ್ಲಿಷಿನಲ್ಲಿ ದೆವ್ವದ ಹೆಸರು ಹೇಳುತ್ತಾರೆ, ಚೀನೀಯರು ತ್ಸಾವ್ ತ್ಸಾವ್ ಹೆಸರು. 220ರಲ್ಲಿ ತೀರಿಕೊಂಡ ಸೇನಾನಾಯಕ ಇವತ್ತಿಗೂ ಮಾತಿನಲ್ಲಿದ್ದಾನೆ!

ಸಿಕ್ಕಿಬಿದ್ದಿರುವುದು 'ವಾಂಗ್ ಯಾಂಗ್ ಬು ಲಾವ್' ಹತ್ತಿರ. ಕುರಿ ಕಳೆದ ಮೇಲೆ ದೊಡ್ಡಿ ಸರಿಮಾಡುವುದು ಅಂತ ಅರ್ಥ. ನನ್ನ ನೋಟ್ಸ್‌ನಲ್ಲಿ ಇದರ ಎದುರು, ಕುದುರೆ ಓಡಿದ ಮೇಲೆ ಲಾಯದ ಬಾಗಿಲು ಹಾಕುವ ಇಂಗ್ಲಿಷ್ ಗಾದೆ ಇದೆ. ನಮ್ಮ 'ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು' ತರಹ. ಆದರೆ ಚೀನೀ ಗಾದೆ ಬೈಯುವುದಿಲ್ಲ. ಇನ್ನೂ ತಡವಾಗಿಲ್ಲ, ಉಳಿದ ಕುರಿಗಳನ್ನು ಕಾಪಾಡಿಕೋ ಅನ್ನುತ್ತದೆ. ಪೂರ್ತಿ ಉಲ್ಟಾ ಅಲ್ವಾ?

'ಬೆಟರ್ ಲೇಟ್ ದ್ಯಾನ್ ನೆವರ್' ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಕಳೆದುಕೊಂಡ ನೋವಿಲ್ಲ. ಹೀಗೆ ಧೈರ್ಯ ಹೇಳುವ ಗಾದೆ ಇಂಗ್ಲಿಷಿನದಾಗಲಿ ಕನ್ನಡದ್ದಾಗಲಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.